ಐದು ನಲವತ್ತೆಂಟರ ಹಸಿರು

ಅಕ್ಟೋಬರ್ ಹದಿನಾಲ್ಕರ ಬೆಳಿಗ್ಗೆ ದೊಡ್ಡಬೊಮ್ಮಣ್ಣ ತಮ್ಮ ಫೋನಿನಲ್ಲಿ ನೋಡಿದ ಬಣ್ಣ ಹಸಿರು, ಕೆಂಪಲ್ಲ. ಅವರ ಕಣ್ಣಿಗೆ ಪೊರೆ ಬಂದಿದ್ದು ನಿಜ, ಆದರೆ ಆವತ್ತು ಅವರ ಕಣ್ಣು ಅವರಿಗೆ ಮೋಸ ಮಾಡಲಿಲ್ಲ. ಇದು ನನಗೆ ಅದೇ ದಿನ ಸಂಜೆ ಗೊತ್ತಾಯಿತು. ಅವರಿಗೆ ಹೇಳುವುದಕ್ಕೆ ನಾನು ತೆಗೆದುಕೊಂಡಿದ್ದು ಎರಡು ತಿಂಗಳು ಇಪ್ಪತ್ತು ದಿನ. ಯಾಕೆ ಅಷ್ಟು ತಡ ಮಾಡಿದೆ ಅಂತ ಕೇಳಿದರೆ ನನ್ನ ಹತ್ತಿರ ನೂರು ಸಬೂಬು ಇವೆ, ಒಂದೂ ಕೆಲಸಕ್ಕೆ ಬರುವುದಿಲ್ಲ.

ನಾನು ಭಾವನಾ. ಹುಟ್ಟಿದ್ದು ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿ ಕಡೆ, ಹೊಗೆಸೊಪ್ಪು ಬೆಳೆಯುವ ಮನೆಯಲ್ಲಿ. ಕೃಷ್ಣರಾಜನಗರದಲ್ಲಿ ಡಿಪ್ಲೊಮಾ ಓದಿದೆ. ಹುಣಸೂರಿನಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ಅಂಗಡಿ ಇಟ್ಟು ಹನ್ನೊಂದು ವರ್ಷವಾಯಿತು. ಸಿಸಿ ಕ್ಯಾಮೆರಾ ಹಾಕುತ್ತೇನೆ, ಯುಪಿಎಸ್ ರಿಪೇರಿ ಮಾಡುತ್ತೇನೆ, ತೋಟದ ಮೋಟರನ್ನು ಮನೆಯಿಂದಲೇ ಫೋನ್ ಮಾಡಿ ಆನ್ ಮಾಡುವ ಸ್ಟಾರ್ಟರ್‌ಗಳಿಗೆ ಪ್ರೋಗ್ರಾಂ ಬರೆಯುತ್ತೇನೆ. ಮೂಗಿನ ತುದಿಯಲ್ಲೇ ಕೋಪ ನನಗೆ. ನನ್ನ ಕೆಲಸದಲ್ಲಿ ತಪ್ಪಿದೆ ಅಂತ ಯಾರಾದರೂ ಬಾಯಿ ತೆರೆಯುವ ಮೊದಲೇ ತಪ್ಪು ಅವರದೇ ಅಂತ ಸಾಬೀತು ಮಾಡಿ ಕಳಿಸುವವಳು. ಗಿರಾಕಿಗಳು ಇದನ್ನು ನನ್ನ ಜಾಣತನ ಅಂದುಕೊಂಡಿದ್ದಾರೆ. ನಾನೂ ಹಾಗೇ ಅಂದುಕೊಂಡಿದ್ದೆ.

ಎಚ್.ಡಿ. ಕೋಟೆಯ ಸೋಮಶೇಖರ ಅನ್ನುವವರು ಕಾಡಂಚಿನ ಆದಿವಾಸಿ ಹಾಡಿಗಳಲ್ಲಿ ಕೆಲಸ ಮಾಡುವ ಒಂದು ಸಣ್ಣ ಸಂಸ್ಥೆ ನಡೆಸುತ್ತಾರೆ. ಅವರು ಒಂದು ದಿನ ಅಂಗಡಿಗೆ ಬಂದು, ಆನೆ ದಾಟುವ ಜಾಗದಲ್ಲಿ ಪೆಟ್ಟಿಗೆ ಇಟ್ಟು ಹಾಡಿಯವರ ಫೋನಿಗೆ ಮೊದಲೇ ಸುದ್ದಿ ಮುಟ್ಟಿಸೋಕೆ ಆಗುತ್ತಾ ಅಂತ ಕೇಳಿದರು. ಆಗುತ್ತೆ ಅಂದೆ. ನೇರಳೆಕಟ್ಟೆ ಹಾಡಿಯ ಸುತ್ತ, ಆನೆ ಕಂದಕ ಕುಸಿದಿದ್ದ ಕಡೆಗಳಲ್ಲಿ ಆರು ಕಂಬ ನೆಟ್ಟು ಆರು ಪೆಟ್ಟಿಗೆ ಕೂರಿಸಿದೆ. ಒಂದೊಂದರಲ್ಲೂ ಒಂದು ಸಿಮ್, ಒಂದು ಬ್ಯಾಟರಿ, ಮೇಲೊಂದು ಸೋಲಾರ್ ತಗಡು, ಮುಂದೆ ಆನೆ ಹಾದರೆ ಗುರುತಿಸುವ ಕಣ್ಣು. ಆರೂ ಪೆಟ್ಟಿಗೆಗಳು ನನ್ನ ಅಂಗಡಿಯ ಮೂಲೆಯಲ್ಲಿದ್ದ ಸರ್ವರ್ ಕಂಪ್ಯೂಟರಿಗೆ ಸದಾ ಜೋಡಿಕೊಂಡಿರುತ್ತಿದ್ದವು. ಆನೆ ಹಾದರೆ ಪೆಟ್ಟಿಗೆ ಸರ್ವರಿಗೆ ಹೇಳಬೇಕು, ಸರ್ವರು ಹಾಡಿಯವರ ಫೋನಿನಲ್ಲಿ ಆ ದಾರಿಯ ವೃತ್ತವನ್ನು ಕೆಂಪು ಮಾಡಬೇಕು. ಉಳಿದಂತೆ ವೃತ್ತ ಹಸಿರು. ಓದು ಬಾರದವರಿಗೂ ತಿಳಿಯಲಿ ಅಂತ ಅಕ್ಷರವೇ ಇಟ್ಟಿರಲಿಲ್ಲ.

ಕಂಬ ನೆಡುವ ದಿನ ನಮಗೆ ದಾರಿ ತೋರಿಸಿದವರು ದೊಡ್ಡಬೊಮ್ಮಣ್ಣ. ಜೇನುಕುರುಬರ ಯಜಮಾನರು, ಅರವತ್ತರ ಆಸುಪಾಸು. ಆನೆ ಕಾಯುವುದರಲ್ಲಿ ಅವರನ್ನು ಮೀರಿಸಿದವರು ಆ ಸೀಮೆಯಲ್ಲಿಲ್ಲ. ಮರದ ಮೇಲೆ ಕಟ್ಟಿದ್ದ ತಮ್ಮ ಅಟ್ಟಣೆ ತೋರಿಸಿ, ಅಲ್ಲಿಂದ ಕೆಳಗಿನ ಹೊಲದಲ್ಲಿದ್ದ ಇನ್ನೊಬ್ಬ ಕಾವಲುಗಾರ ಚಿಕ್ಕಬೀರಯ್ಯನ ಅಟ್ಟಣೆಯತ್ತ ಕೈ ಮಾಡಿದರು.

"ಇಲ್ಲಿಂದ ನಾ ಒಂದು ಕೂಗು ಆಕ್ತೀನಿ. ಅವ್ನು ಅಲ್ಲಿಂದ ಮರುಕೂಗು ಆಕ್ತಾನೆ. ಒಂದ್ ಸಲ ಎಲೆ ಅಡ್ಕೆ ಅಗ್ದು ಉಗ್ಯೋ ಹೊತ್ಗೆ ಇನ್ನೊಂದ್ ಸಲ."

"ಆನೆ ಕಂಡಾಗ ಕೂಗೋದಾ?" ಅಂದೆ.

"ಆನೆ ಕಂಡ್ರೆ ಯಾರ್ ಬೇಕಾರೂ ಕೂಗ್ತಾರೆ ಕಣವ್ವ. ಕಾಣ್ದೆ ಇದ್ದಾಗ್ಲೂ ಕೂಗ್ಬೇಕು. ಮರುಕೂಗು ಬರ್ನಿಲ್ಲ ಅಂದ್ರೆ ಏನೋ ಆಗದೆ ಅಂತ್ಲೇ ಲೆಕ್ಕ. ಪಂಜು ತಕ್ಕಂಡು ಇಬ್ರು ಓಯ್ತೀವಿ. ಮಲ್ಗಿದ್ರೂ ಸರಿ, ಕಾಲ್ಗೆ ಮುಳ್ಳು ತುಳ್ದಿದ್ರೂ ಸರಿ, ಓಗಿ ನೋಡ್ದೆ ಬುಡಕಿಲ್ಲ."

ನನಗೆ ಖುಷಿಯಾಯಿತು. ಯಾಕೆಂದರೆ ನಾನು ಬರೆದಿದ್ದೂ ಅದನ್ನೇ. "ನನ್ನ ಪೆಟ್ಟಿಗೇನೂ ಹಂಗೇ ಅಣ್ಣ. ಅರ್ಧ ನಿಮಿಷಕ್ಕೊಂದ್ಸಲ ಹುಣಸೂರಿಗೆ ಕೂಗು ಹಾಕುತ್ತೆ. ಮೂರು ಕೂಗು ತಪ್ಪಿದ್ರೆ ನಾನು ಕೆಂಪು ಮಾಡ್ತೀನಿ" ಅಂದೆ.

ಅವರು ಪೆಟ್ಟಿಗೆಯನ್ನು ಮುಟ್ಟಿ ನೋಡಿದರು. "ಅಂಗಾದ್ರೆ ಸರಿ ಬುಡು. ಕೂಗೋ ಜಾತಿನೇ ಇದು" ಅಂದರು. ಆ ಒಂದು ಮಾತಿನ ಮೇಲೆ, ಹದಿನೈದು ದಿನದೊಳಗೆ ಹಾಡಿಯವರು ಅಟ್ಟಣೆ ಹತ್ತುವುದು ಬಿಟ್ಟರು. ಬೆಳಗಿನ ಜಾವ ಕೂಲಿಗೆ ಹೋಗುವ ಹೆಂಗಸರು ಮೊದಲು ದೊಡ್ಡಬೊಮ್ಮಣ್ಣನ ಜಗಲಿಗೆ ಬರುತ್ತಿದ್ದರು. ಅವರು ಫೋನ್ ನೋಡಿ ಹೂಂ ಅಂದರೆ ಹೊರಡುತ್ತಿದ್ದರು.

ಇದನ್ನು ಇಷ್ಟು ವಿವರವಾಗಿ ಬರೆಯುತ್ತಿರುವುದು ಯಾಕೆಂದರೆ, ಗೊತ್ತಿಲ್ಲದೆ ಮಾಡಿದೆ ಅನ್ನುವ ದಾರಿಯೂ ನನಗಿಲ್ಲ. ಎರಡು ಕಂಪ್ಯೂಟರುಗಳ ನಡುವಿನ ಸಂಪರ್ಕ ಹೇಗೆ ಸಾಯುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಮರ್ಯಾದೆಯಿಂದ ಮುಚ್ಚಿಕೊಳ್ಳುವ ಪೆಟ್ಟಿಗೆ ಹೋಗುವ ಮೊದಲು ಹೋಗ್ತೀನಿ ಅಂತ ಹೇಳುತ್ತದೆ, ಸರ್ವರಿಗೆ ತಿಳಿಯುತ್ತದೆ. ಬ್ಯಾಟರಿ ಸತ್ತು ಹೋದ ಪೆಟ್ಟಿಗೆ ಏನನ್ನೂ ಹೇಳುವುದಿಲ್ಲ. ಸರ್ವರು ಮಾತ್ರ ಆ ಕಡೆ ಯಾರೋ ಇದ್ದಾರೆ ಅಂದುಕೊಂಡು ಬಾಗಿಲು ತೆರೆದಿಟ್ಟು ಕೂತಿರುತ್ತದೆ, ದಿನಗಟ್ಟಲೆ. ಅದಕ್ಕೇ ಆಗಾಗ ಕೂಗಿ ನೋಡುವುದು.

ಸೆಪ್ಟೆಂಬರಿನಲ್ಲಿ ತೊಂದರೆ ಶುರುವಾಯಿತು. ಕಾಡಂಚಿನಲ್ಲಿ ನೆಟ್‌ವರ್ಕ್ ಬಂದರೆ ಬಂತು, ಹೋದರೆ ಹೋಯಿತು. ಮೋಡ ಕವಿದರೆ ಕೇಳುವುದೇ ಬೇಡ. ಮೂರು ಕೂಗು ತಪ್ಪಿದ ಕೂಡಲೇ ವೃತ್ತ ಕೆಂಪು. ಆನೆ ಬಂದರೂ ಅದೇ ಕೆಂಪು, ಸಿಗ್ನಲ್ ಹೋದರೂ ಅದೇ ಕೆಂಪು. ಒಂದು ವಾರದಲ್ಲಿ ಮೂರು ದಿನ ಹೆಂಗಸರು ಮನೆಯಲ್ಲೇ ಉಳಿದರು. ದೊಡ್ಡಬೊಮ್ಮಣ್ಣನ ಹೆಂಡತಿ ಕೆಂಚಕ್ಕ, ಸೋಮಶೇಖರ ಅವರ ಜೀಪು ಹತ್ತಿಕೊಂಡು ನನ್ನ ಅಂಗಡಿಗೇ ಬಂದುಬಿಟ್ಟರು. ಗಟ್ಟಿ ಹೆಂಗಸು, ಯಾರಿಗೂ ಹೆದರುವವರಲ್ಲ.

"ಏನವ್ವ ನಿನ್ ಮಿಷನ್ನು, ಬರೀ ಸುಳ್ ಯೋಳ್ತದೆ. ಶುಂಠಿ ಒಲ್ದಲ್ಲಿ ಕಳೆ ತೆಗ್ಯಕ್ಕೆ ಬ್ಯಾರೆ ಆಳು ಕರ್ಕೊಂಡವ್ರೆ. ಇನ್ನೊಂದ್ ಸಲ ಸುಳ್ ಕೆಂಪು ತೋರ್ಸಿದ್ರೆ ಕಂಬನೇ ಕಿತ್ತು ಒಲೆಗೆ ಆಕ್ತೀನಿ" ಅಂದರು. ಹೇಳಿ ತಾವೇ ನಕ್ಕರು. ನಾನು ಚಹಾ ತರಿಸಿ ಕೊಟ್ಟು, ಇನ್ನು ಮೇಲೆ ಸುಳ್ಳು ಕೆಂಪು ಬರೋದಿಲ್ಲ ಕೆಂಚಕ್ಕ ಅಂದೆ.

ಪರಿಹಾರ ಸುಲಭದ್ದೇ. ಸಂಪರ್ಕ ತಪ್ಪಿದರೆ ತೋರಿಸುವುದಕ್ಕೆ ಹಳದಿ ಅಂತ ಮೂರನೇ ಬಣ್ಣ ಹಾಕಬೇಕಿತ್ತು. ಹಳದಿ ಅಂದರೆ ಪೆಟ್ಟಿಗೆಯ ಸುದ್ದಿ ಇಲ್ಲ, ನೀವೇ ನೋಡಿಕೊಂಡು ಹೋಗಿ ಅಂತ. ಅರ್ಧ ದಿನದ ಕೆಲಸ, ಜೊತೆಗೆ ಹಾಡಿಗೆ ಹೋಗಿ ಎಲ್ಲರಿಗೂ ಹೇಳಿಕೊಡಲು ಇನ್ನೊಂದು ದಿನ. ಆದರೆ ಅದು ಹೊಗೆಸೊಪ್ಪು ಬೇಯಿಸುವ ಕಾಲ. ಅಂಗಡಿಯ ಮುಂದೆ ಕೆಟ್ಟ ಸ್ಟಾರ್ಟರ್ ಹಿಡಿದುಕೊಂಡವರ ಸಾಲು. ಆ ಸಂಜೆ ನಾನು ಕೂಗು ಎಣಿಸುವ ನಾಲ್ಕು ಸಾಲನ್ನು ಪ್ರೋಗ್ರಾಮಿನಿಂದ ಅಳಿಸಿಬಿಟ್ಟೆ. ಸದ್ಯಕ್ಕೆ ಇರಲಿ, ಹಳದಿ ಆಮೇಲೆ ಹಾಕೋಣ ಅಂದುಕೊಂಡೆ. ಮೌನಂ ಸಮ್ಮತಿ ಲಕ್ಷಣಂ ಅಂತ ಹೆಣ್ಣು ನೋಡುವ ಶಾಸ್ತ್ರದಲ್ಲಿ ಹೇಳುತ್ತಾರಲ್ಲ, ಆ ಗಾದೆ ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ಈಗ ಅದನ್ನೇ ಸರ್ವರಿಗೆ ಕಲಿಸಿ ಕೂರಿಸಿದ್ದೆ. ಪೆಟ್ಟಿಗೆ ಸುಮ್ಮನಿದ್ದರೆ ಎಲ್ಲ ಸರಿಯಾಗಿದೆ, ಹಸಿರು.

ದೊಡ್ಡಬೊಮ್ಮಣ್ಣನಿಗೆ ಇದನ್ನು ಹೇಳಲಿಲ್ಲ. ಅವರು ಪೆಟ್ಟಿಗೆ ಕೂಗುತ್ತಲೇ ಇದೆ ಅಂತ ನಂಬಿಕೊಂಡಿದ್ದರು. ಮೂರು ವಾರ ಯಾವ ಸುಳ್ಳು ಕೆಂಪೂ ಬರಲಿಲ್ಲ. ಕೆಂಚಕ್ಕ ಸೋಮಶೇಖರ ಅವರ ಕೈಯಲ್ಲಿ ನನಗೆ ಒಂದು ಬಾಟಲಿ ಜೇನು ಕಳಿಸಿದರು.

ಅಕ್ಟೋಬರಿನಲ್ಲಿ ಐದು ದಿನ ಬಿಸಿಲೇ ಬೀಳಲಿಲ್ಲ. ಹದಿನಾಲ್ಕರ ಬೆಳಿಗ್ಗೆ ಆರೂಕಾಲಿಗೆ, ನಾಲ್ಕನೇ ಪೆಟ್ಟಿಗೆಯ ದಾರಿಯಲ್ಲಿ ಒಂಟಿ ಸಲಗ ನಿಂತಿತ್ತು. ಕೂಲಿಗೆ ಹೊರಟಿದ್ದ ಮೂವರಲ್ಲಿ ಇಬ್ಬರು ತಪ್ಪಿಸಿಕೊಂಡರು. ಕೆಂಚಕ್ಕ ಮುಂದೆ ಇದ್ದರು. ಸೊಂಟ ಮುರಿಯಿತು, ಪಕ್ಕೆಲುಬು ಮುರಿಯಿತು. ಜೀವ ಇತ್ತು.

ಎಂಟು ಗಂಟೆಗೆ ಸೋಮಶೇಖರ ಫೋನ್ ಮಾಡಿದರು. "ಭಾವನಾ, ದೊಡ್ಡಬೊಮ್ಮಜ್ಜ ಹಸಿರು ನೋಡಿಯೇ ಕಳಿಸಿದೆ ಅಂತಾನೆ ಕಣಮ್ಮ. ಪೆಟ್ಟಿಗೆ ಏನಾರಾ ಕೆಟ್ಟಿತ್ತಾ?"

ನಾನು ಸ್ಕ್ರೀನ್ ಕೂಡ ನೋಡಿರಲಿಲ್ಲ. ಅದಕ್ಕಿಂತ ಮುಂಚೆ ಬಾಯಿ ಓಡಿತು. "ನನ್ನ ಸಿಸ್ಟಮ್ಮಲ್ಲಿ ಏನೂ ತೊಂದರೆ ಇಲ್ಲ ಸಾರ್. ಅವರು ಸರಿಯಾಗಿ ನೋಡಿದ್ರಾ ಕೇಳಿ. ಕಣ್ಣಿಗೆ ಪೊರೆ ಬಂದಿದೆ ಅಲ್ವಾ ಅವರಿಗೆ" ಅಂದೆ.

ಈ ಮಾತು ಹೊರಗೆ ಬಿದ್ದದ್ದು ನನ್ನ ಬಾಯಿಂದ. ಬೇರೆ ಯಾರ ತಲೆಗೂ ಅದು ಹೊಳೆದಿರಲಿಲ್ಲ.

ಮಧ್ಯಾಹ್ನ ಸ್ಕೂಟರಿನಲ್ಲಿ ಹೋಗಿ ನಾಲ್ಕನೇ ಪೆಟ್ಟಿಗೆ ತೆಗೆದೆ. ಬ್ಯಾಟರಿ ಪೂರ್ತಿ ಸತ್ತಿತ್ತು. ಒಳಗಿನ ಕಾರ್ಡಿನಲ್ಲಿ ಕೊನೆಯ ದಾಖಲೆ ಹಿಂದಿನ ದಿನ ಸಂಜೆ ಆರು ಹನ್ನೆರಡರದು. ಸಂಜೆ ಅಂಗಡಿಗೆ ಬಂದು ಸರ್ವರ್ ತೆಗೆದು ನೋಡಿದರೆ ಪೆಟ್ಟಿಗೆ ನಾಲ್ಕು ಇನ್ನೂ ಹಸಿರಾಗಿಯೇ ಇತ್ತು. ಸತ್ತ ಪೆಟ್ಟಿಗೆ ನನ್ನ ಬ್ಯಾಗಿನಲ್ಲಿತ್ತು, ಸರ್ವರು ಅದರ ಜೊತೆ ಸಂಪರ್ಕ ಚೆನ್ನಾಗಿದೆ ಅನ್ನುತ್ತಿತ್ತು. ಯಾವ ಫೋನು ಯಾವಾಗ ಯಾವ ಬಣ್ಣ ನೋಡಿತು ಅನ್ನುವುದನ್ನೂ ನಾನು ಬರೆಸಿಡುತ್ತಿದ್ದೆ. ಹುಡುಕಿದೆ. ದೊಡ್ಡಬೊಮ್ಮಣ್ಣನ ನಂಬರು, ಬೆಳಿಗ್ಗೆ ಐದು ನಲವತ್ತೆಂಟು, ಪೆಟ್ಟಿಗೆ ನಾಲ್ಕು, ಹಸಿರು. ಆ ಒಂದು ಸಾಲನ್ನು ಪ್ರಿಂಟ್ ತೆಗೆದು ಮಡಚಿ ಬ್ಯಾಗಿಗೆ ಹಾಕಿಕೊಂಡೆ. ಅಂಗಡಿಯ ಬಾಗಿಲು ಎಳೆದುಕೊಂಡು ಅತ್ತೆ. ಅಳುವಾಗಲೂ ಇದನ್ನು ಯಾರು ಯಾರು ನೋಡಬಹುದು ಅನ್ನುವ ಲೆಕ್ಕ ಮನಸ್ಸಿನಲ್ಲಿ ಓಡುತ್ತಿತ್ತು.

ಮೂರನೇ ದಿನ ಹಾಡಿಯ ಸಮುದಾಯ ಭವನದಲ್ಲಿ ಸಭೆ ಕರೆದರು. ಕೆಂಚಕ್ಕ ಮೈಸೂರಿನ ಆಸ್ಪತ್ರೆಯಲ್ಲಿದ್ದರು. ದೊಡ್ಡಬೊಮ್ಮಣ್ಣ ಬಸ್ಸಿನಲ್ಲಿ ಬಂದಿದ್ದರು, ಮೂರು ದಿನದ ಹಿಂದಿನ ಅಂಗಿಯಲ್ಲೇ. ಸೋಮಶೇಖರ ಮೆತ್ತಗೇ ಕೇಳಿದರು. "ಅಜ್ಜ, ಬೈಯಕ್ಕೆ ಕೇಳ್ತಿಲ್ಲ. ಅವತ್ತು ಬಣ್ಣ ಸರಿಯಾಗಿ ಕಾಣ್ತಾ?"

"ಕಾಣ್ತು ಸ್ವಾಮಿ. ಅಸ್ರೇ ಇತ್ತು."

ಅವರ ಮಗಳು ಮರಮ್ಮ ಗೋಡೆಗೆ ಒರಗಿ ನಿಂತಿದ್ದಳು. "ಅಪ್ಪಂಗೆ ಕಣ್ಣು ಮಬ್ಬು. ಆಸ್ಪತ್ರೆಗೆ ಓಗಿ ತೋರ್ಸು ಅಂತ ಎಷ್ಟ್ ಸಲ ಬಡ್ಕಂಡೆ" ಅಂದಳು.  ದೊಡ್ಡಬೊಮ್ಮಣ್ಣ ಆ ಕಡೆ ಈ ಕಡೆ ನೋಡಿ ಕೊನೆಗೆ ನನ್ನತ್ತ ತಿರುಗಿದರು.

"ಭಾವನವ್ವ, ನೀನ್ ಯೋಳವ್ವ. ನಿನ್ ಮಿಷನ್ನಲ್ಲಿ ಗೊತ್ತಾಯ್ತದಲ್ಲ. ಕೆಂಪು ಇತ್ತಾ ಅವತ್ತು?"

ಕಾಗದ ನನ್ನ ತೊಡೆಯ ಮೇಲಿದ್ದ ಬ್ಯಾಗಿನಲ್ಲಿತ್ತು. ಜಿಪ್ ಎಳೆದಿದ್ದರೆ ಸಾಕಿತ್ತು. ಅರಣ್ಯ ಇಲಾಖೆಯವರು ಕೂತಿದ್ದರು, ಪೆಟ್ಟಿಗೆಗೆ ಹಣ ಕೊಟ್ಟವರ ಕಡೆಯ ಒಬ್ಬರು ಕೂತಿದ್ದರು. ಪೊಲೀಸು, ಕೋರ್ಟು, ಅಂಗಡಿಯ ಹೆಸರು, ಅಮ್ಮನ ಮುಖ, ಎಲ್ಲ ಒಟ್ಟಿಗೆ ತಲೆಯೊಳಗೆ ಬಂತು.

"ನೋಡಿ ಹೇಳ್ತೀನಿ ಅಣ್ಣ" ಅಂದೆ.

 ಅವರು ತಲೆ ತಗ್ಗಿಸಿದರು. "ಇರ್ಲಿ ಬುಡು. ನಿನ್ ಮಿಷನ್ನು ಕೂಗೋದು ಬುಡಾಕಿಲ್ಲ. ನನ್ ಕಣ್ಣೇ ಇರ್ಬೋದು" ಅಂದರು.

ಆ ರಾತ್ರಿಯೇ ಕೂತು ಎಲ್ಲವನ್ನೂ ಸರಿಮಾಡಿದೆ. ಕೂಗು ಎಣಿಸುವ ನಾಲ್ಕು ಸಾಲು ವಾಪಸು ಬಂದವು, ಹಳದಿ ಬಂತು, ಬ್ಯಾಟರಿ ಇಳಿದರೆ ಒಂದು ದಿನ ಮುಂಚೆಯೇ ತಿಳಿಯುವ ಹಾಗಾಯಿತು. ಅರ್ಧ ದಿನ ಬೇಕು ಅಂದುಕೊಂಡಿದ್ದ ಕೆಲಸ ನಾಲ್ಕು ಗಂಟೆಯಲ್ಲಿ ಮುಗಿಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತ ನಮ್ಮಮ್ಮ ಹೇಳುವುದು ನನ್ನಂಥವರಿಗೇ. ಸೋಮಶೇಖರ ಅವರಿಗೆ ಸರ್ವೀಸ್ ಮಾಡಿದೆ ಅಂತ ಮಾತ್ರ ಹೇಳಿದೆ. ಕೆಂಚಕ್ಕ ಹುಷಾರಾಗಿ ಬರಲಿ, ಆಮೇಲೆ ಇಬ್ಬರನ್ನೂ ಕೂರಿಸಿಕೊಂಡು ಹೇಳೋಣ ಅಂತ ನನಗೆ ನಾನೇ ಹೇಳಿಕೊಂಡೆ.

ಆಸ್ಪತ್ರೆಗೆ ಒಂದು ಸಲ ಹೋಗಿದ್ದೆ. ಒಳಗೆ ಹೋಗಲಿಲ್ಲ. ವಾರ್ಡಿನ ಬಾಗಿಲಿನಿಂದ ನೋಡಿದೆ. ಕೆಂಚಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ದೊಡ್ಡಬೊಮ್ಮಣ್ಣ ಕೆಳಗೆ ನೆಲದ ಮೇಲೆ ಕೂತಿದ್ದರು, ಪಕ್ಕದಲ್ಲಿ ಮುಚ್ಚಿಟ್ಟ ಗಂಜಿಯ ಡಬ್ಬಿ. ನಿದ್ದೆ ಬಂದಿರಬೇಕು, ಎಬ್ಬಿಸುವುದು ಬೇಡ ಅಂದುಕೊಂಡು ಹಣ್ಣಿನ ಚೀಲವನ್ನು ನರ್ಸಮ್ಮನ ಕೈಗೆ ಕೊಟ್ಟು ಇಳಿದು ಬಂದೆ. ಹತ್ತೊಂಬತ್ತನೇ ದಿನ ಕೆಂಚಕ್ಕ ತೀರಿಕೊಂಡರು.

ಮಣ್ಣಿಗೆ ಹೋಗಲಿಲ್ಲ. ತಿಥಿ ಮುಗಿಯಲಿ ಅಂದುಕೊಂಡೆ. ತಿಥಿ ಮುಗಿದ ಮೇಲೆ ಸರ್ಕಾರದ ಪರಿಹಾರದ ಕಾಗದ ಓಡಾಡುತ್ತಿದೆ, ನಡುವೆ ನಾನು ಬಾಯಿ ಹಾಕಿದರೆ ಕೆಡುತ್ತದೆ ಅಂದುಕೊಂಡೆ. ಪರಿಹಾರವೂ ಬಂತು. ಕೊನೆಗೆ ಯಾವ ನೆಪವೂ ಉಳಿಯಲಿಲ್ಲ. ಒಂದು ದಿನ ಸೋಮಶೇಖರ ಅಂಗಡಿಗೆ ಬಂದವರು, ದೊಡ್ಡಬೊಮ್ಮ ಊಟ ಸರಿಯಾಗಿ ಮಾಡ್ತಿಲ್ಲ ಕಣಮ್ಮ, ನಾನೇ ಕೊಂದೆ ಅಂತ ಕೂತವ್ನೆ, ಮಗಳೂ ಮಾತಾಡಿಸ್ತಿಲ್ಲ ಅಂದರು. ಮಾರನೇ ದಿನ, ಜನವರಿ ಮೂರನೇ ತಾರೀಕು, ಅಂಗಡಿ ತೆಗೆಯದೆ ಹೊರಟೆ.

ಹಾಡಿ ಮುಟ್ಟಿದಾಗ ಹತ್ತು ಗಂಟೆಯ ಬಿಸಿಲು. ದೊಡ್ಡಬೊಮ್ಮಣ್ಣ ಜಗಲಿಯಲ್ಲಿ ಕೂತು ಬಿದಿರು ಸೀಳುತ್ತಿದ್ದರು. ಬಹಳ ಇಳಿದುಹೋಗಿದ್ದರು. ಕಣ್ಣಿನ ಆಪರೇಷನ್ ಆಗಿ ಕಪ್ಪು ಕನ್ನಡಕ ಹಾಕಿದ್ದರು. ಮರಮ್ಮ ಎಳೆದುಕೊಂಡು ಹೋಗಿ ಮಾಡಿಸಿದಳಂತೆ. "ಬಾರವ್ವ" ಅಂತ ಚಾಪೆ ತೋರಿಸಿದರು.

ನಾನು ಕೂರಲಿಲ್ಲ. ಕೂತರೆ ಮಾತು ಬೇರೆ ಕಡೆ ಹೋಗುತ್ತದೆ ಅಂತ ಹೆದರಿಕೆ. ನಿಂತುಕೊಂಡೇ ಎಲ್ಲ ಹೇಳಿದೆ. ಕೂಗು ಎಣಿಸುವುದನ್ನು ನಾನೇ ನಿಲ್ಲಿಸಿದ್ದು, ಪೆಟ್ಟಿಗೆ ಹಿಂದಿನ ಸಂಜೆಯೇ ಸತ್ತಿದ್ದು, ಸತ್ತ ಪೆಟ್ಟಿಗೆಗೆ ನನ್ನ ಸರ್ವರು ಹಸಿರು ತೋರಿಸುತ್ತಾ ಕೂತಿದ್ದು. ಪೊರೆಯ ಮಾತನ್ನು ಮೊದಲು ಎತ್ತಿದವಳು ನಾನೇ ಅನ್ನುವುದನ್ನೂ ಬಿಡಲಿಲ್ಲ. ಕಾಗದ ತೆಗೆದು ಓದಿದೆ. "ನೀವು ನೋಡಿದ್ದು ಸರಿ ಅಣ್ಣ. ಹಸಿರೇ ಇತ್ತು. ತಪ್ಪು ನಂದು. ಪೊಲೀಸರ ಹತ್ರ ಬೇಕಾದ್ರೂ ಹೇಳ್ತೀನಿ, ಎಲ್ಲರ ಮುಂದೆ ಬೇಕಾದ್ರೂ ಹೇಳ್ತೀನಿ."

ಅವರು ಕತ್ತಿ ಕೆಳಗಿಟ್ಟರು. ಬೈಯಲಿ, ಹೊಡೆಯಲಿ ಅಂತ ಕಾಯುತ್ತಿದ್ದೆ. ಹೊಡೆದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

"ಅವತ್ ಮೀಟಿಂಗಲ್ಲಿ ನಿನ್ನ ಕೇಳ್ದೆ" ಅಂದರು. "ಆಗ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

"ಈ ಕಾಗ್ದ ಇತ್ತಾ?"

"ಬ್ಯಾಗಲ್ಲೇ ಇತ್ತು."

ಅವರು ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿದರು, ಮತ್ತೆ ಹಾಕಿಕೊಳ್ಳಲಿಲ್ಲ. ಆಮೇಲೆ ನಿಧಾನವಾಗಿ ಹೇಳಿದರು, ನನಗಲ್ಲ, ಬಿದಿರಿನ ಸೀಳಿಗೆ ಹೇಳುವ ಹಾಗೆ.

"ಮೀಟಿಂಗ್ ಗಂಟ ಕೆಂಚಿಗೆ, ಅಸ್ರೇ ಇತ್ತು ಕಣಮ್ಮಿ, ನಾ ನೋಡೇ ಕಳ್ಸಿದ್ದು ಅಂತ ಯೋಳ್ತಿದ್ದೆ. ಅವ್ಳೂ ಊಂ ಅಂತಿದ್ಲು. ನೋವಲ್ಲೂ ನನ್ ಕೈ ಇಡ್ಕಂಡೇ ಮಲಗ್ತಿದ್ಲು. ಅವತ್ ಮೀಟಿಂಗ್ ಮುಗುಸ್ಕಂಡು ಆಸ್ಪತ್ರೆಗೆ ಓದೆ. ಮುಚ್ಚಿಡಬಾರ್ದು ಅಂತ ಯೋಳ್ಬುಟ್ಟೆ. ನನ್ ಕಣ್ಣೇ ಮೋಸ ಮಾಡ್ತು, ಕೆಂಪು ಇದ್ದುದ್ದ ನಾನೇ ಅಸ್ರು ಅಂದೆ ಅಂತ."

ನಾನು ಏನೋ ಹೇಳಲು ಹೋದೆ. ಅವರು ಕೈ ಅಡ್ಡ ಹಿಡಿದರು.

"ಕೈ ಬುಟ್ಬುಟ್ಲು. ಗ್ವಾಡೆ ಕಡೀಕೆ ತಿರುಕ್ಕಂಡ್ಲು. ಆಮೇಕೆ ಅದಿನಾರು ದಿನ ಬದುಕಿದ್ಲು. ಒಂದ್ ಮಾತಾಡ್ನಿಲ್ಲ ನನ್ ಜೊತೆ. ನನ್ ಕೈಯಿಂದ ನೀರ್ ಕುಡೀನಿಲ್ಲ. ನರ್ಸಮ್ಮ ಕೊಟ್ರೆ ಕುಡ್ಯಳು. ಅಂಗೇ ಓದ್ಲು."

 ವಾರ್ಡಿನ ಬಾಗಿಲಲ್ಲಿ ನಿಂತು ನಾನು ನಿದ್ದೆ ಅಂದುಕೊಂಡಿದ್ದು ಅದನ್ನೇ. ಕ್ಷಮಿಸಿ ಅನ್ನುವ ಮಾತು ಬಾಯಿಗೆ ಬಂತು, ಅದನ್ನು ಆಡುವುದಕ್ಕೂ ನಾಚಿಕೆಯಾಯಿತು.

"ಪೆಟ್ಗೆ ಸತ್ರೆ ಸಾಯ್ತದೆ ಕಣವ್ವ, ಕಬ್ಣ ಅದು. ಮರ್ತೆ ಅಂದ್ರೂ ಒಪ್ಕತೀನಿ" ಅಂದರು. "ನಂಗೆ ಈಗ್ಲಾರೂ ಬಂದ್ ಯೋಳ್ದೆ. ಮರಮ್ಮಂಗೂ ಯೋಳು, ಕಾಗ್ದ ತೋರ್ಸು. ಕೆಂಚಿಗೆ ಯಾರ್ ಯೋಳ್ತಾರೆ?"

ಅವರು ಎದ್ದು ಗೋಡೆ ಹಿಡಿದುಕೊಂಡು ಒಳಗೆ ಹೋಗಿ, ಮಗಳನ್ನು ಹೆಸರು ಹಿಡಿದು ಕರೆದರು.